ಹತ್ತು ನೋಟ್‌ಬುಕ್ಕಿನ ಋಣ

ಬಡತನದ ವಿಷಯ ಬಂದರೆ ನಮ್ಮವರಿಗೆ ಕಣ್ಣೀರು ಬೇಗ ಬರುತ್ತದೆ. ನನಗೆ ಲೆಕ್ಕ ನೆನಪಾಗುತ್ತದೆ, ಕಾಮರ್ಸ್ ಹುಡುಗ ನೋಡಿ! ಅಪ್ಪ ಘೋಡಬಂದರ್ ರಸ್ತೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ನಾನು, ಅಮ್ಮ ಊರಲ್ಲಿ, ಕಾರ್ಕಳದ ಕಡೆ. ಸರಕಾರಿ ಕನ್ನಡ ಶಾಲೆಯಲ್ಲಿ ಬಿಸಿಯೂಟ ಸಿಗುತ್ತಿತ್ತು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಕೊಡುವವರು ಯಾರೆಂದು ಗೊತ್ತಿರಲಿಲ್ಲ, ತಲೆ ತಗ್ಗಿಸುವ ಪ್ರಶ್ನೆಯೂ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಥಾಣೆಗೆ ಬಂದ ವರ್ಷ ಒಂದು ಸಂಸ್ಥೆ ನನಗೆ ಹತ್ತು ನೋಟ್‌ಬುಕ್ಕು ಕೊಟ್ಟಿತು. ಪಡೆಯಲು ವೇದಿಕೆ ಹತ್ತಬೇಕು. ಶಾಲು ಹೊದ್ದ ಐದಾರು ಹಿರಿಯರ ನಡುವೆ ನಿಲ್ಲಬೇಕು. ಫೋಟೋಗ್ರಾಫರು ‘ಈಚೆ ನೋಡು’ ಅಂದಾಗ ನೋಡಬೇಕು. ನೋಟ್‌ಬುಕ್ಕು ಬೇಕಿತ್ತು, ನೋಡಿದೆ. ಡೆಬಿಟ್ ಪಕ್ಕ ‘ಖರ್ಚು’, ಕ್ರೆಡಿಟ್ ಪಕ್ಕ ‘ಜಮೆ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಇಂಗ್ಲಿಷಿನ ಲೆಕ್ಕಶಾಸ್ತ್ರ ಕಲಿತದ್ದು ಅದೇ ಪುಸ್ತಕಗಳಲ್ಲಿ. ಉಪಕಾರ ಸಣ್ಣದಲ್ಲ. ಆದರೂ ಆ ಫೋಟೋ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆಮೇಲೆ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ ಓದಿದೆ. 1935ರಲ್ಲಿ ರೈಲು ಚಾರ್ಜಿಗೆ ದುಡ್ಡಿಲ್ಲದೆ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಇಷ್ಟೆಲ್ಲ ಆದ ಮೇಲೂ ಅವರ ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ, 2005ರಲ್ಲಿ ತೀರಿಕೊಳ್ಳುವವರೆಗೂ! ಕೊಟ್ಟು ಕಾರು ಹತ್ತಿ ಹೋದವರಲ್ಲ, ಹುಡುಗರ ಜೊತೆಗೇ ಇದ್ದವರು.

ನಮ್ಮ ಹತ್ತಿರ ಕೊಡಲು ದುಡ್ಡಿಲ್ಲ, ಭಾನುವಾರ ಇದೆ. ನಾಲ್ಕು ಜನ ಗೆಳೆಯರು ಕಾಸರವಡವಲಿ ಹತ್ತಿರ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗಿ ಪಾಠ ಹೇಳುತ್ತೇವೆ. ಕಲಬುರಗಿ, ಯಾದಗಿರಿ ಕಡೆಯ ಜನ. ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಾನು ‘ಎರಡೊಂದ್ಲ ಎರಡು’ ಅಂದರೆ ಅವು ‘ಬೇ ಏಕೆ ಬೇ’ ಅನ್ನುತ್ತವೆ. ಉತ್ತರ ಎರಡೂ ಕಡೆ ಒಂದೇ ಆದ್ದರಿಂದ ಜಗಳವಿಲ್ಲ. ಫೋಟೋ ತೆಗೆಯಬಾರದು ಎಂಬುದೊಂದೇ ನಮ್ಮ ಕಾನೂನು.

ಕಷ್ಟ ಬೇರೆಯೇ ಇದೆ. ಕಟ್ಟಡ ಮೇಲೆದ್ದಂತೆ ನಮ್ಮ ಕ್ಲಾಸು ಖಾಲಿಯಾಗುತ್ತದೆ. ಹೋದ ವಾರ ನಾಲ್ಕನೇ ಕ್ಲಾಸಿನ ಹುಡುಗಿ ಕೇಳಿದಳು: “ಅಣ್ಣಾ, ನಾವು ಪನವೇಲಕ್ಕ ಹೊಂಟೀವಿ. ಪುಸ್ತಕ ತಿರುಗಿ ಕೊಡಬೇಕೇನ್ರಿ?”

ಪುಸ್ತಕ ಇಟ್ಟುಕೋ ಅಂದೆ. ಶಾಲೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ವಾಪಸು ಕಳಿಸುವಂತಿಲ್ಲ. ಅವಳ ಅಪ್ಪನಿಗೆ ಇದು ಗೊತ್ತಿಲ್ಲ, ಗೊತ್ತಾದರೂ ಒಂದು ದಿನದ ಕೂಲಿ ಬಿಡಬೇಕು. ಸೋಮವಾರ ಕಾಸ್ಟಿಂಗ್ ಪೀರಿಯಡ್ಡಿಗೆ ಚಕ್ಕರ್ ಹೊಡೆದು ಅವಳ ಅಮ್ಮನ ಜೊತೆ ನಾನೇ ಶಾಲೆಗೆ ಹೋಗುವವನಿದ್ದೇನೆ. ನೋಟ್ಸ್ ಯಾರಾದರೂ ಕೊಡಿ.