ಮಾಳಿಗಿ ಮ್ಯಾಲಿನ ಸಂಡಿಗಿ

2017ರ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳ ಪಟ್ಟಿ ಬಂತು. ಅದರಲ್ಲಿ ನಮ್ಮ ವಡಗೇರಾದ ಹೆಸರೂ ಇತ್ತು. ಅಲ್ಲಿಯವರೆಗೆ ಸಣ್ಣದೊಂದು ಕಾಗದಕ್ಕೂ ಶಹಾಪುರದ ಬಸ್ಸು ಕಾಯುತ್ತಿದ್ದ ಊರು ತಾನೇ ತಾಲ್ಲೂಕಾಗಿಬಿಟ್ಟಿತು. ಕಟ್ಟಿಯ ಮೇಲಿನ ಹಿರಿಯರೊಬ್ಬರು ಬೀಡಿ ಆರಿಸದೆ ಕೇಳಿದರು: "ತಾಲೂಕಾ ಆತು ಖರೆ, ಕಚೇರಿ ಕೂಡಸ್ಲಿಕ್ಕೆ ಜಾಗಾ ಎಲ್ಲದ?" ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಯಾರ ಜಾಗ ಎಲ್ಲಿ ಮುಗಿಯುತ್ತದೆ ಎಂಬುದು ಕಾಗದಕ್ಕಿಂತ ಹಿರಿಯರ ಬಾಯಲ್ಲೇ ಹೆಚ್ಚು ಇತ್ತು.

ಅದಕ್ಕೆ ಕಾರಣವೂ ಇದೆ. ನಿಜಾಮರ ಕಾಲದಲ್ಲಿ ಸರ್ವೆಯವರು ಸರಪಳಿ ಎಳೆದದ್ದು ಹೊಲದ ಮೇಲೆ. ಕಂದಾಯ ಹುಟ್ಟುತ್ತಿದ್ದುದು ಅಲ್ಲಿ. ಜನ ಇರುವ ಗಾವಠಾಣದಿಂದ ಏನು ಹುಟ್ಟೀತು, ಜಗಳದ ಹೊರತು? ಹಾಗಾಗಿ ಊರಿನ ಸುತ್ತ ಒಂದು ಗೆರೆ ಎಳೆದು ಒಳಗೆ ಖಾಲಿ ಬಿಟ್ಟರು. ಮುಂದೆ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. 'ದಿಶಾಂಕ್' ಆ್ಯಪ್ ಬಂದ ಮೇಲಂತೂ ತೊಗರಿ ಹೊಲದಲ್ಲಿ ನಿಂತು ಮೊಬೈಲ್ ತೆಗೆದರೆ ಕಾಲಡಿಯ ಸರ್ವೆ ನಂಬರು ಕಾಣತೊಡಗಿತು. ಅದೇ ಮೊಬೈಲ್ ಹಿಡಿದು ಸ್ವಂತ ಪಡಸಾಲೆಯಲ್ಲಿ ನಿಂತವನಿಗೆ ಮಾತ್ರ ತನ್ನ ಗೋಡೆ ಎಲ್ಲಿಯವರೆಗೆಂದು ತಿಳಿಯಲಿಲ್ಲ.

ಆ ಖಾಲಿ ತುಂಬಲು 2020ರ ಏಪ್ರಿಲ್ 24ರಂದು, ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾಯಿತು. ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರುವ ಮೊದಲು ಪ್ರತಿ ಮನೆಯ ಸುತ್ತ ಸುಣ್ಣದ ಗೆರೆ ಹಾಕಬೇಕು. ಮೇಲಿನಿಂದ ಅದು ಎದ್ದು ಕಾಣುತ್ತದೆ.

ನಮ್ಮ ಆಯಿಯ ಹಳ್ಳಿಯಲ್ಲಿ ಗೆರೆ ಹಾಕಿದ್ದು ಸೋಮವಾರ. ಆಯಿಗೂ ಪಕ್ಕದ ಮನೆಯ ಕಾಕಾಗೂ ನಡುವೆ ಬಚ್ಚಲ ನೀರು ಹರಿಯುವ ಗೇಣು ಅಗಲದ ಸಂದಿಯೊಂದಿದೆ. ಮುತ್ಯಾ ಇದ್ದಾಗಿನಿಂದ ವ್ಯಾಜ್ಯ. ಕಾಕಾ ಗೆರೆಯನ್ನು ಈ ಕಡೆಗೆ ತುಸು ಒತ್ತಿ ಹಾಕಿಸಿದ. ರಾತ್ರಿ ಆಯಿ ಕಸಬರಿಗೆಯಿಂದ ಅದನ್ನು ಬಳಿದು ಆ ಕಡೆಗೆ ಒತ್ತಿ ಹಾಕಿದಳು. ನಸುಕಿನಲ್ಲಿ ಕಾಕಾ ಎದ್ದ. ಡ್ರೋನ್ ಬರುವ ಹೊತ್ತಿಗೆ ಅಲ್ಲಿ ಗೆರೆ ಇರಲಿಲ್ಲ, ರಂಗೋಲಿ ಇತ್ತು.

ಡ್ರೋನ್ ಗುಂಯ್‌ ಎಂದು ಎದ್ದಿತು. ಹದ್ದು ಬಂತೆಂದು ಕೋಳಿಗಳು ಬುಟ್ಟಿಯಡಿ ಸೇರಿದವು. ಆಯಿ ಸರ್ವೆ ಹುಡುಗನ ಎದುರು ನಿಂತಳು.

"ತಮ್ಮಾ, ಅದು ಬಚ್ಚಲಾನೂ ನೋಡ್ತದೇನು? ನಮ್ಮ ಬಚ್ಚಲಕ್ಕ ಮ್ಯಾಲೆ ಏನೂ ಇಲ್ಲ."

ಹುಡುಗ ಕೆಂಪಾದ. "ಇಲ್ಲ ಆಯಿ, ಮನಿ ಗ್ವಾಡಿ ಅಷ್ಟ."

"ಹಂಗಾದ್ರ ಹಾರಸು. ಆದ್ರ ಈಗ ಜಳಕಾ ಮಾಡೋರು ಯಾರಿದ್ದೀರಿ, ಹೊರಗ ಬರ್ರಿ!"

ಹಕ್ಕು-ಆಕ್ಷೇಪಣೆಗಾಗಿ ಕರಡು ನಕಾಶೆ ಬಂದಾಗ ಆಕಾಶದಿಂದ ತೆಗೆದ ಚಿತ್ರವನ್ನೂ ನೋಡಿದೆವು. ಸುಮಾರು 5 ಸೆಂಟಿಮೀಟರಿನಷ್ಟು ನಿಖರ ಎನ್ನುತ್ತಾರೆ. ಗೇಣಿಗಾಗಿ ಎರಡು ತಲೆಮಾರು ಮಾತು ಬಿಟ್ಟವರಿಗೆ ಇದು ಭಾರಿ ಸಮಾಧಾನ. ನಮ್ಮ ಮಾಳಿಗೆಯ ಮೇಲೆ ಸಾಲುಸಾಲು ಬಿಳಿ ಚುಕ್ಕಿ. ಆಯಿ ಕಣ್ಣು ಕಿರಿದು ಮಾಡಿ ನೋಡಿ, "ಸಂಡಿಗಿ ಬಂದಾವ, ನಾ ಬಂದಿಲ್ಲ," ಎಂದಳು. ಆಮೇಲೆ ಬೆರಳಿಟ್ಟು ಕೇಳಿದಳು: "ಗೌಡ್ರ ಹಿತ್ತಲದಾಗಿಂದ ನೀರಿಗೆ ಹೋಗು ದಾರಿ ಎಲ್ಲದ?" ಇರಲಿಲ್ಲ. ಹಿತ್ತಲು ಗೌಡರದೇ, ಸುಳ್ಳಲ್ಲ. ಆದರೆ ಅಲ್ಲಿಂದ ಕೊಡ ಹೊತ್ತು ಹೋಗುವ ಹೆಂಗಸರನ್ನು ಯಾರೂ ತಡೆಯಬಾರದು ಎಂದು ಯಾವುದೋ ಕಾಲದಲ್ಲಿ ಯಾರೋ ಯಾರಿಗೋ ಮಾತು ಕೊಟ್ಟಿದ್ದರು. ಮಾತು ಮೇಲಿನಿಂದ ಕಾಣುವುದಿಲ್ಲ.

ಅಂಥ ಮಾತುಗಳನ್ನು ಕಾಪಾಡುತ್ತಿದ್ದುದು ಅಗಸಿಯ ಕಟ್ಟಿ. ಪರಸಿ ಕಲ್ಲು ಹಾಸಿದ ಆ ಕಟ್ಟಿ ನೆನೆದರೆ ನನಗೆ ಈಗಲೂ ಬೇವಿನ ನೆರಳು ಮೈಗೆ ಬಂದಂತಾಗುತ್ತದೆ. ಹನುಮಪ್ಪನ ಜಾತ್ರೆ, ಗಟಾರ, ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಎಲ್ಲಾ ಅಲ್ಲೇ. "ಊರೆಲ್ಲ ಕೂಡಿತ್ತು" ಎಂದು ಹೇಳುತ್ತಿದ್ದೆವು. ಆ ಊರಲ್ಲಿ ಹೆಂಗಸರು ಗೋಡೆಯ ಹಿಂದೆ, ಕೇರಿಯವರು ದೂರದ ಗಿಡದ ಕೆಳಗೆ. ನನಗೆ ಕಟ್ಟಿಯ ಮೇಲೆ ಜಾಗ ಸಿಕ್ಕದ್ದು ನನ್ನ ಶಾಣ್ಯಾತನಕ್ಕಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಮೊದಲು ಡಂಗುರ ಸಾರುತ್ತಿದ್ದರು, ಈಗ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ. ಶುಭೋದಯದ ತಾವರೆ, ಲಿಂಗಪೂಜೆಯ ಫೋಟೋ, ಹತ್ತಿಯ ಧಾರಣಿ ಇವುಗಳ ನಡುವೆ ಒಡೆದ ಗಟಾರದ ಚಿತ್ರವೂ ಬರುತ್ತದೆ. ಕಟ್ಟಿಯ ಗತ್ತು ಅದಕ್ಕಿಲ್ಲ ಎಂದು ನಾನು ಮೂಗು ಮುರಿಯುತ್ತಿದ್ದೆ, ನಮ್ಮ ಚಿಗವ್ವ ಅದರೊಳಗೆ ಬಾಯಿ ತೆರೆಯುವವರೆಗೆ.

ಚಿಗವ್ವ ಗುಳೆ ಹೋದವಳು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಅಲ್ಲೇ ತಗಡಿನ ಶೆಡ್ಡು. ಅವಳು ಇಟ್ಟಿಗೆ ಹೊತ್ತ ಅಪಾರ್ಟ್‌ಮೆಂಟು ಗೂಗಲ್ ನಕಾಶೆಯಲ್ಲಿ ಹೆಸರು ಸಮೇತ ಕಾಣುತ್ತದೆ, ಶೆಡ್ಡಿಗೆ ವಿಳಾಸವಿಲ್ಲ. ಊರಲ್ಲಿ ಉಳಿದ ಅವಳ ನೆಗೆಣ್ಣಿಯದು ಬೇರೆ ಕಥೆ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿಯಿಂದ ಫೋಟೋ ಹಾಜರಿ ಕಡ್ಡಾಯವಾಯಿತು. ಮುಖ ದಿನಕ್ಕೆ ಎರಡು ಸಲ ಬೇಕು, ಮಾತು ಆರು ತಿಂಗಳಿಗೊಮ್ಮೆ ಸಾಕು.

ಈ ಸಲದ ಸಭೆಗೆ ಚಿಗವ್ವ ವಾಯ್ಸ್ ಮೆಸೇಜ್ ಕಳಿಸಿದಳು. ನಾನೇ ಮೈಕಿನ ಮುಂದೆ ಮೊಬೈಲ್ ಹಿಡಿದೆ. ಮೊದಲು ಕಾಂಕ್ರೀಟ್ ಮಿಷನ್ನಿನ ಗಡಗಡ, ಆಮೇಲೆ ಅವಳ ದನಿ: "ನಮಸ್ಕಾರ್ರಿ ಎಲ್ಲಾರ್ಗೂ. ನಮ್ಮ ಓಣಿ ಗಟಾರ ಗೌಡ್ರ ಮನಿ ಮುಂದ ನಿಲ್ಲೋದು ಬ್ಯಾಡ್ರಿ, ಕೇರಿ ದಾಟಿ ಹಳ್ಳದತನಕ ಹೋಗ್ಲಿ. ನೀರಿನ ದಾರೀನೂ ನಕಾಶೀದಾಗ ಹಾಕ್ರಿ."

ಯಾರೋ ಕೆಮ್ಮಿದರು. ಗೌಡರು ಟೊಪ್ಪಿಗೆ ಸರಿಮಾಡಿಕೊಂಡರು. ಮೆಸೇಜ್ ಮುಗಿಯಿತೆಂದು ನಾನು ಕೈ ಇಳಿಸುವಷ್ಟರಲ್ಲಿ ಮೊಬೈಲ್ ಮತ್ತೆ ಗುಡುಗಿತು:

"ನಡಾವಳಿ ಪುಸ್ತಕದಾಗ ಬರಕೊಂಡ್ರಿಲ್ರಿ? ಬರದದ್ದು ಫೋಟೋ ಹೊಡದು ಗ್ರೂಪಿಗೆ ಹಾಕ್ರಿ. ನನಗ ಊಟದ ಬಿಡುವು ಎರಡೂವರಿತನಕ ಅದ."