ಕೊನೆಯ ಎಂಟು ಕಿಲೋಮೀಟರು

ಮೊನ್ನೆ ಹಳೆಯ ಪುಸ್ತಕಗಳ ಧೂಳು ಕೊಡವುತ್ತಿದ್ದಾಗ 1988ರ ರೈಲ್ವೆ ವೇಳಾಪಟ್ಟಿಯೊಂದು ಕೈಗೆ ಸಿಕ್ಕಿತು. ಅದರ ಒಂದು ಪುಟದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಎಳೆದ ಗೆರೆಯಿದೆ. ಆ ಗೆರೆಯ ಹಿಂದಿನ ಪ್ರಸಂಗವನ್ನು ಇಂದು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕೆನಿಸಿದೆ.

ನಾನು ವೃತ್ತಿಗೆ ಸೇರಿ ಆಗ ಎರಡು ವರ್ಷವಾಗಿತ್ತಷ್ಟೆ. ಹತ್ತನೆಯ ತರಗತಿಯ ಹುಡುಗನೊಬ್ಬ ಮೂರು ನಿಲ್ದಾಣಗಳಾಚೆಯ ಹಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ. ವಾರದಲ್ಲಿ ಮೂರು ನಾಲ್ಕು ದಿನ ಪ್ರಾರ್ಥನೆ ಮುಗಿದ ಮೇಲೆಯೇ ಅವನ ಆಗಮನ. ಕೇಳಿದರೆ "ಗಾಡಿ ತಡ ಸಾರ್" ಎಂಬುದೊಂದೇ ಉತ್ತರ. ನನಗೆ ನಂಬಿಕೆ ಬರಲಿಲ್ಲ. ಅದೇ ಗಾಡಿ ಕೊನೆಗೊಳ್ಳುವ ಊರಿನಲ್ಲಿದ್ದ ನನ್ನ ಭಾವನವರು, ಅದು ದಿನವೂ ವೇಳೆಗೆ ಸರಿಯಾಗಿ ಬರುತ್ತದೆಂದು ಹೇಳಿದ್ದರು. ಮೊದಲ ಅವಧಿ ನನ್ನದೇ ಗಣಿತ ಪಾಠ. ಸುಳ್ಳು ಹೇಳುವ ಹುಡುಗನಿಗೆ ಶಿಸ್ತು ಕಲಿಸಬೇಕೆಂದು ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ.

ದಸರಾ ರಜೆಗೆ ಊರಿಗೆ ಹೋಗಲೆಂದು ಕೊಂಡ ವೇಳಾಪಟ್ಟಿಯಲ್ಲಿ ಒಂದು ಸೋಜಿಗ ಕಣ್ಣಿಗೆ ಬಿತ್ತು. ಆ ಗಾಡಿ ಕೊನೆಯ ಊರಿನಿಂದ ಹೊರಟು ಮೊದಲ ಎಂಟು ಕಿಲೋಮೀಟರನ್ನು ಹನ್ನೆರಡು ನಿಮಿಷದಲ್ಲಿ ಕ್ರಮಿಸುತ್ತದೆ. ಹಿಂದಿರುಗುವಾಗ ಅದೇ ಎಂಟು ಕಿಲೋಮೀಟರಿಗೆ ನಲವತ್ತು ನಿಮಿಷ! ಮುದ್ರಣದೋಷವಿರಬೇಕೆಂದು ಸ್ಟೇಷನ್ ಮಾಸ್ತರರನ್ನು ಕೇಳಿದೆ. ಅವರು ನಕ್ಕು, "ಮೇಷ್ಟ್ರೇ, ಅದು ತಪ್ಪಲ್ಲ, ಬೇಕೆಂದೇ ಇಟ್ಟ ಹೆಚ್ಚುವರಿ ಸಮಯ" ಎಂದರು.

ಅವರು ವಿವರಿಸಿದ್ದು ಹೀಗೆ. ಇರುವುದು ಒಂದೇ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರ್ ಪಕ್ಕದ ಹಳಿಯಲ್ಲಿ ಕಾಯಬೇಕು. ಇನ್ನೊಂದು ಕಾರಣ ಬೋಗಿಗಳದ್ದು. ಹಿಂದಿನ ರಾತ್ರಿ ಬೇರೊಂದು ಗಾಡಿಯಾಗಿ ಬಂದ ಬೋಗಿಗಳೇ ಬೆಳಗ್ಗೆ ಈ ಪ್ಯಾಸೆಂಜರಾಗಿ ಹೊರಡಬೇಕು. ಅದು ತಡವಾದರೆ ಇದೂ ತಡ. ಹೀಗೆ ದಾರಿಯಲ್ಲಿ ಕಳೆದ ವೇಳೆಯನ್ನು ತುಂಬಿಕೊಳ್ಳಲು ಕೊನೆಯಲ್ಲಿ ಅವಕಾಶ ಕೊಟ್ಟಿರುತ್ತಾರೆ. ಗಾಡಿ ವೇಳೆಗೆ ಬಂದಿತೇ ಎಂಬ ಲೆಕ್ಕ ಹಿಡಿಯುವುದು ಕೊನೆಯ ನಿಲ್ದಾಣದಲ್ಲಿ. ನಡುವಿನ ನಮ್ಮೂರಿಗೆ ಅದು ಅರ್ಧ ಗಂಟೆ ತಡವಾಗಿ ಬಂದರೂ ಆ ಲೆಕ್ಕದಲ್ಲಿ ಸಮಯಪಾಲನೆಯೇ.

ಅಂದರೆ ಭಾವನವರು ಹೇಳಿದ್ದೂ ನಿಜ, ಹುಡುಗ ಹೇಳಿದ್ದೂ ನಿಜ. ಸುಳ್ಳಾದದ್ದು ನನ್ನ ತೀರ್ಮಾನ ಮಾತ್ರ. ಶಾಲೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಒಂದು ದಿನ ಹೋಗಿ ನೋಡಿದ್ದರೆ ಸಾಕಿತ್ತು.

ರಜೆಯ ನಂತರ ಅವನನ್ನು ಒಳಗೆ ಕೂರಿಸಿದೆ. ತಪ್ಪಿಹೋದ ಬೀಜಗಣಿತವನ್ನು ಸಂಜೆಯ ಗಾಡಿ ಬರುವವರೆಗೆ ಕುಳಿತು ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ತೇರ್ಗಡೆಯಾದ, ಆದರೆ ಗಣಿತದಲ್ಲಿ ಬಂದದ್ದು ಮೂವತ್ತೆಂಟು. ಹೊರಗೆ ನಿಂತ ಆ ಬೆಳಗುಗಳೆಲ್ಲ ಒಳಗಿದ್ದಿದ್ದರೆ ಎಷ್ಟಾಗುತ್ತಿತ್ತೋ, ಆ ಲೆಕ್ಕ ನನಗೆ ಇಂದಿಗೂ ಬಿಡಿಸಲು ಬಂದಿಲ್ಲ.

ಅವನಿಗೆ ಕಾರಣವನ್ನು ಹೇಳಿದೆ, ಕ್ಷಮೆಯನ್ನು ಮಾತ್ರ ಕೇಳಲಿಲ್ಲ. ಮೇಷ್ಟ್ರು ಹುಡುಗನಲ್ಲಿ ಕ್ಷಮೆ ಕೇಳುವ ಕಾಲ ಅದಾಗಿರಲಿಲ್ಲ. ಮಗೂ, ನೀನಿದನ್ನು ಓದುತ್ತಿದ್ದರೆ, ತಡವಾದದ್ದು ನಿನ್ನಿಂದಲ್ಲ. ಇಷ್ಟು ವರ್ಷ ತಡಮಾಡಿದವನು ನಾನು.