ಗ್ಯಾಸಿಗೂ ಮೊದಲು ಗಾಳಿ

ಏಪ್ರಿಲ್ ತಿಂಗಳ ನಡುಹಗಲು. ಚನ್ನಗಿರಿಯ ಶೆಡ್ಡೊಂದರಲ್ಲಿ ಬಿಳಿ ಅಂಬಾಸಿಡರ್ ಬಾನೆಟ್ ತೆರೆದು ನಿಂತಿದೆ. 90ರ ದಶಕದ ಗಾಡಿ, ಇಸುಝು ಎಂಜಿನ್ನಿನ 1800. ನೀವು ಮುಂದಿನ ಸೀಟಿನಲ್ಲಿ ಕೂತು ಎಸಿ ಹಾಕುತ್ತೀರಿ. ಟಕ್! ಕಂಪ್ರೆಸರಿನ ಕ್ಲಚ್ ಹಿಡಿಯಿತು. ಬ್ಲೋವರ್ ಜೋರಾಗಿಯೇ ತಿರುಗುತ್ತಿದೆ, ಬರುವ ಗಾಳಿ ಮಾತ್ರ ಉಗುರುಬೆಚ್ಚಗಿದೆ.

"ಗ್ಯಾಸ್ ಹೋಗೈತಿ, ತುಂಬಿಸಿಬಿಡ್ರಿ" ಅನ್ನುತ್ತಾರೆ ಗಾಡಿಯ ಯಜಮಾನರು.

"ತಡೀರಿ ಯಜಮಾನ್ರೆ, ಮೊದಲು ಪೈಪ್ ಮುಟ್ಟಿ ನೋಡಾಣ."

ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರಿನಿಂದ ಹೊರಡುವ ಸಣ್ಣ ಪೈಪಿಗೆ ನಿಮ್ಮ ಬೆರಳು ತಾಗಿಸಿ. ಸುಡುತ್ತದೆ, ಹಿಡಿಯಲಾಗದು. ಗ್ಯಾಸ್ ಕಡಿಮೆಯಾಗಿದ್ದರೆ ಇಷ್ಟು ಕಾವು ಏರುತ್ತಿರಲಿಲ್ಲ. ಒತ್ತಡದ ಗೇಜ್ ಹಚ್ಚಿದರೆ ಎರಡೂ ಮುಳ್ಳು ಇರಬೇಕಾದ್ದಕ್ಕಿಂತ ಮೇಲಿವೆ. ಗ್ಯಾಸ್ ಇದೆ, ಅದರ ಬಿಸಿ ಹೊರಹೋಗುತ್ತಿಲ್ಲ. ಗ್ರಿಲ್ ಬಿಚ್ಚಿದ ಮೇಲೆ ಕಾರಣ ಕಣ್ಣಿಗೇ ಬೀಳುತ್ತದೆ: ಸುಗ್ಗಿಯ ಕಾಲದ ಅಡಿಕೆ ಸಿಪ್ಪೆಯ ನಾರು, ದಾರಿಯ ಧೂಳು, ಸತ್ತ ಹುಳಗಳು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಂಬಳಿಯಂತೆ ಕಟ್ಟಿಕೊಂಡಿವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ ಹದವಾಗಿ ನೀರು ಬಿಟ್ಟು, ಮಡಚಿದ ರೆಕ್ಕೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಬೇಕು. ಬೇಸರದ ಕೆಲಸವೇ, ಆದರೆ ಹಳೆಯ ಗಾಡಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಅದಕ್ಕೂ ಕಾರಣವಿದೆ. ಈ ಗಾಡಿಯ ಎಸಿ ಆರ್-12 ಗ್ಯಾಸಿಗಾಗಿ ಕಟ್ಟಿದ್ದು. ಓಝೋನ್ ಪದರಕ್ಕೆ ಕುತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಕಟ್ಟಿಹಾಕಿತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಈಗ ಒಳಗಿರುವುದು ಆರ್-134ಎ. ಬೇಸಿಗೆಯಲ್ಲಿ ಇದರ ಒತ್ತಡ ಹಳೆಯದಕ್ಕಿಂತ ಹೆಚ್ಚು, ಕಂಡೆನ್ಸರ್ ಮಾತ್ರ ಹಳೆಯದೇ. ಹಾಗಾಗಿ ಅದರಲ್ಲಿ ಒಂದಿಷ್ಟೂ ಕೊಳೆ ಇರಕೂಡದು. ಆರ್-12ರ ಜೊತೆಗಿದ್ದ ಖನಿಜ ಎಣ್ಣೆ 134ಎ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಬದಲಿಸಿ ಎಣ್ಣೆ ಬದಲಿಸದಿದ್ದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ಕಂಡೆನ್ಸರ್ ಶುಚಿಯಾದ ಮೇಲೆ ಹೊನ್ನಾಳಿಯ ಕಡೆ ಹೊರಡಿ. ಗಾಡಿ ಓಡುತ್ತಿರುವಷ್ಟು ಹೊತ್ತೂ ತಂಪು. ಊರೊಳಗೆ ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ಗಾಳಿ ಮತ್ತೆ ಬೆಚ್ಚಗಾಗುತ್ತದೆ. ಎಂಜಿನ್ ನಿಧಾನವಾದರೆ ಅದರ ಬೆಲ್ಟಿನ ಫ್ಯಾನೂ ನಿಧಾನ. ಕಂಡೆನ್ಸರಿನ ಮುಂದೆ ಕರೆಂಟಿನ ಫ್ಯಾನೊಂದನ್ನು ಕೂರಿಸಿದ ಮೇಲೆ ತುಂಗಭದ್ರೆಯ ಸೇತುವೆಯ ಮೇಲೆ ಸಾಲಿನಲ್ಲಿ ನಿಂತರೂ ತಂಪು ಆರುವುದಿಲ್ಲ.

ನ್ಯಾಮತಿ ತಲುಪುವಷ್ಟರಲ್ಲಿ ಇನ್ನೊಂದು ತಕರಾರು. ಮುಖಕ್ಕೆ ತಂಪು, ಕಾಲಿಗೆ ಮಾತ್ರ ಕಾವು. ಇದು ಹೀಟರ್ ಇರುವ ಗಾಡಿ. ಅದರ ಬಿಸಿನೀರಿನ ನಲ್ಲಿ ಮುಚ್ಚಿದ್ದರೂ ಹೀಟರಿಗೆ ಹೋಗುವ, ಬರುವ ಎರಡೂ ರಬ್ಬರ್ ಪೈಪು ಬಿಸಿಯಾಗಿವೆ. ಅಂದರೆ ನಲ್ಲಿ ಒಳಗೊಳಗೇ ಬಿಸಿನೀರು ಬಿಡುತ್ತಿದೆ. ಹೊಸ ನಲ್ಲಿ ಹಾಕಿಸಿ. ಎಂಜಿನ್ ಕಡೆಯ ತಗಡಿನಲ್ಲಿ ವೈರು ಹಾಯುವ ತೂತುಗಳಿಗೆ ರಬ್ಬರ್ ಕೂರಿಸಿ. ಇವನ್ನೆಲ್ಲ ಬಿಟ್ಟು ಎಸಿಯನ್ನು ಬೈಯುವವರೇ ಹೆಚ್ಚು.

ಕೊನೆಗೆ ಜಗಳೂರು. ದಾವಣಗೆರೆ ದಾಟಿ ಬಂದರೆ ನದಿಯ ತೇವವಿಲ್ಲ, ನೆರಳು ಅಪರೂಪ, ಬಿಸಿಲು ನೇರ ಗಾಜಿಗೆ ಬಡಿಯುತ್ತದೆ. ಇಲ್ಲಿ ತಂಪಾದರೆ ಎಲ್ಲೂ ತಂಪೇ. ಕಂಪ್ರೆಸರಿಗೆ ಮರಳುವ ದಪ್ಪ ಪೈಪಿನ ಮೇಲೆ ಈಗ ನೀರ ಹನಿ ಕೂತಿದೆ. ಆದರೆ ಅದರ ಜೋಡಣೆಯ ಹತ್ತಿರ ಎಣ್ಣೆಯ ಜಿಡ್ಡು ಕಾಣುತ್ತಿದೆಯಲ್ಲ? ಸೋಪುನೀರು ಹಚ್ಚಿ. ಪುಟ್ಟ ಗುಳ್ಳೆ ಏಳುತ್ತದೆ. ಗ್ಯಾಸ್ ಸೋರುವಾಗ ಎಣ್ಣೆಯನ್ನೂ ಜೊತೆಗೆ ಎಳೆದು ತರುತ್ತದೆ.

ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಉಳಿದಿರುವ ಗಾಡಿಗಳನ್ನು ಓಡಿಸುವವರು ಇಷ್ಟು ಮಾಡಿ: ಸೋರುವ ಜಾಗ ಮುಚ್ಚಿಸದೆ ಗ್ಯಾಸ್ ತುಂಬಿಸಬೇಡಿ, ತುಂಬುವ ಮೊದಲು ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಸಿ, ಎದುರಿಗೇ ನಿಂತು ಗೇಜಿನ ಮುಳ್ಳು ನೋಡಿ.